ಟೀಚರಮ್ಮನ ಎಂಟನೇ ಪ್ರಶ್ನೆ

ಟೀಚರಮ್ಮ ಹೋಗಿಬಿಟ್ಟರು ಎಂದು ಫೋನ್ ಬಂದಾಗ ನಾನು ನ್ಗಾರಾದ ತರಕಾರಿ ಅಂಗಡಿಯಲ್ಲಿ ಬೂದುಗುಂಬಳಕಾಯಿ ಹಿಡಿದುಕೊಂಡು ನಿಂತಿದ್ದೆ. ಮಜ್ಜಿಗೆಹುಳಿಗೆ. ಒಡೆಯುವುದಕ್ಕಲ್ಲ. ಒಡೆಯುವುದನ್ನು ಬಿಟ್ಟು ಎರಡು ವರ್ಷವಾಯಿತು; ಯಾಕೆ ಬಿಟ್ಟೆ ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಫೋನ್ ಮಾಡಿದ್ದು ನಮ್ಮ ಕಟ್ಟಡದ ಕಾವಲುಗಾರ. "ಬಾಸ್, ಮ್ವಾಲಿಮು ಅಮೆಫರಿಕಿ" ಅಂದ. ಮ್ವಾಲಿಮು ಅಂದರೆ ಟೀಚರು. ಹದಿಮೂರು ವರ್ಷ ನೈರೋಬಿಯಲ್ಲಿ ಅನ್ನ ತಿಂದವನಿಗೆ ಎರಡನೆಯ ಪದದ ಅರ್ಥವೂ ಗೊತ್ತಿರುತ್ತದೆ. ಆದರೂ "ಏನಂದೆ? ತೀರಿಕೊಂಡರಾ? ಯಾರು?" ಎಂದು ಮೂರು ಸಲ ಕೇಳಿದೆ. ಅವತ್ತು ಬೆಳಿಗ್ಗೆ ತಾನೇ ಮೆಟ್ಟಿಲ ಮೇಲೆ ಸಿಕ್ಕಿ, ಗೇಟು ಹಾಕದೆ ಹೋಗುತ್ತೇನೆಂದು ನನ್ನನ್ನು ಬೈದಿದ್ದರು. ಅಷ್ಟು ಚೆನ್ನಾಗಿ ಬೈದವರು ಮಧ್ಯಾಹ್ನಕ್ಕೆಲ್ಲ ಸತ್ತುಹೋಗುತ್ತಾರೆಯೇ? ಕುಂಬಳಕಾಯಿಯನ್ನು ಟೊಮೇಟೊ ರಾಶಿಯ ಮೇಲೆ ಕುಕ್ಕಿ ಬಂದೆನಂತೆ. ಅಂಗಡಿಯ ಗುಜರಾತಿ ಹೆಂಗಸು ಆಮೇಲೆ ನನ್ನ ಹೆಂಡತಿ ಸುಧಾಗೆ ದೂರು ಹೇಳಿದಳು.

ಪಂಗಾನಿಯ ನಮ್ಮ ಕಟ್ಟಡದಲ್ಲಿ ಅವರದು ಎರಡನೇ ಮಹಡಿ, ನಮ್ಮದು ಮೂರನೆಯದು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ಮದುವೆಯಾಗದವರು, ನಲವತ್ತು ವರ್ಷದ ಹಿಂದೆ ಇಲ್ಲಿಗೆ ಬಂದು ಚರ್ಚಿನವರೇ ನಡೆಸುವ ಒಂದು ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಹೇಳಿಕೊಡುತ್ತಿದ್ದವರು. ಗಿಡ್ಡ ಆಳು, ಕಾಟನ್ ಸೀರೆ, ಹೆಗಲ ಮೇಲೆ ಒಂದು ಸೇಫ್ಟಿ ಪಿನ್ನು. ಆ ಒಂದೇ ಪಿನ್ನಿನಲ್ಲಿ ಬೀಗದ ಕಸ ತೆಗೆಯುವುದು, ಮೊಬೈಲಿನ ಸಿಮ್ಮು ಎಬ್ಬಿಸುವುದು, ಕಾಲಿನ ಮುಳ್ಳು ಕೀಳುವುದು ಎಲ್ಲ ಆಗಬೇಕು. ಮಾತಾಡುವಾಗ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಲೇ ಇರುತ್ತಿದ್ದರು. ಒರೆಸುವುದು ನಿಂತಿತೋ, ಯಾರಿಗೋ ಗ್ರಹಚಾರ ಕಾದಿದೆ ಎಂದರ್ಥ. ನಾನು ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷೆ ಮಾಡುವವನಾದ್ದರಿಂದ ನನ್ನನ್ನು "ಸೈಂಟಿಸ್ಟು" ಎಂದು ಕರೆಯುತ್ತಿದ್ದರು. ಗೌರವಕ್ಕಲ್ಲ.

ಮೊದಲು ಅವರನ್ನು ಕಂಡದ್ದು ಮೆಣಸಿನಕಾಯಿ ಘಾಟಿನ ದೆಸೆಯಿಂದ. ಆ ಮನೆಗೆ ಬಂದ ಹೊಸದರಲ್ಲಿ ಮಗಳಿಗೆ ಸತತ ಜ್ವರ. ಸುಧಾ ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ನಿವಾಳಿಸಿ ಒಲೆಗೆ ಹಾಕಿದಳು. ಐದು ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ತೆರೆದರೆ ಈಯಮ್ಮ, ಸೆರಗು ಮೂಗಿಗೆ ಹಿಡಿದು ಕೆಮ್ಮುತ್ತಾ ನಿಂತಿದ್ದಾರೆ. ಜಗಳಕ್ಕೆ ಬಂದಿದ್ದಾರೆಂದು ನಾನು ಕ್ಷಮಾಪಣೆ ಶುರುಮಾಡಿದೆ.

"ಅದೆಲ್ಲ ಇರಲಿ ಮಾರಾಯ್ರೆ. ಎಷ್ಟು ಮೆಣಸು ಹಾಕಿದ್ದು? ಏಳಾ, ಒಂಬತ್ತಾ? ಬಲಗೈಯಲ್ಲಿ ತೆಗೆದದ್ದಾ? ಬಾಯಲ್ಲಿ ಎಂತ ಹೇಳಿದ್ದು?" ಎನ್ನುತ್ತಾ ಕೈಚೀಲದಿಂದ ನೋಟ್‌ಬುಕ್ ತೆಗೆದರು. ಸುಧಾ ಹೆದರಿಕೊಂಡು, ವೈವಾ ಪರೀಕ್ಷೆಗೆ ಕೂತವಳ ಹಾಗೆ ಎಲ್ಲಕ್ಕೂ ಉತ್ತರ ಹೇಳಿದಳು. ಬರೆದುಕೊಂಡು ಮುಗಿಸಿ, ನನ್ನ ಕಡೆ ತಿರುಗಿ, "ಇಷ್ಟೇ ಕೆಲಸಕ್ಕೆ ನಾನೂರು ವರ್ಷದ ಹಿಂದೆ ಯುರೋಪಿನಲ್ಲಿ ನಿಮ್ಮ ಹೆಂಡತಿಯನ್ನು ಕಂಬಕ್ಕೆ ಕಟ್ಟಿ ಸುಡ್ತಿದ್ರು, ಗೊತ್ತುಂಟಾ?" ಅಂದು, ಸುಧಾ ಕೊಟ್ಟ ಕಾಫಿ ಕುಡಿದು ಹೋದರು.

ಯುರೋಪು ಅಂದರೆ ನನಗೆ ಯಂತ್ರ, ಔಷಧಿ, ಶಿಸ್ತು. ಮಾಟ ಮಂತ್ರವೆಲ್ಲ ನಮ್ಮ ಕಡೆಯವರದು, ಇಲ್ಲವೇ ಇಲ್ಲಿನ ಹಳ್ಳಿಗಳದು ಎಂದು ಗಟ್ಟಿಯಾಗಿ ನಂಬಿಕೊಂಡಿದ್ದೆ. ಟೀಚರಮ್ಮ ವಾರಕ್ಕೊಂದರಂತೆ ಆ ನಂಬಿಕೆಯ ಇಟ್ಟಿಗೆ ಕಿತ್ತರು. ಅಲ್ಲಿಯೂ ಬಾಗಿಲಿಗೆ ಲಾಳ ಹೊಡೆಯುತ್ತಿದ್ದರಂತೆ. ಯಾರೋ ಮಾಟ ಮಾಡಿದ್ದಾರೆ ಅನ್ನಿಸಿದರೆ ರೋಗಿಯ ಉಚ್ಚೆಯನ್ನೂ ಬಗ್ಗಿಸಿದ ಗುಂಡುಪಿನ್ನುಗಳನ್ನೂ ಸೀಸೆಗೆ ತುಂಬಿ ಒಲೆಯ ಕೆಳಗೆ ಹೂಳುತ್ತಿದ್ದರಂತೆ. ಎಣ್ಣೆಯ ತೊಟ್ಟನ್ನು ನೀರಿಗೆ ಬಿಟ್ಟು ದೃಷ್ಟಿ ತಾಗಿದೆಯೋ ಇಲ್ಲವೋ ನೋಡುವ ಅಜ್ಜಿಯರಂತೂ ಊರೂರಲ್ಲೂ. "ಥೂ, ಉಚ್ಚೆಯಾ?" ಎಂದು ನಾನು ಮುಖ ಕಿವುಚಿದರೆ, "ನೀವು ಗೋಮೂತ್ರ ಬಾಟ್ಲಿ ದೇವರ ಕೋಣೆಯಲ್ಲಿ ಇಟ್ಟವರು ಮಾತಾಡಬೇಡಿ" ಎನ್ನುತ್ತಿದ್ದರು.

ಮಗಳ ಕಿವಿಯೋಲೆ ಕಳೆದಾಗ ಒಂದು ತಮಾಷೆ ಮಾಡಿದರು. ಸುಧಾಳ ಹಿಟ್ಟಿನ ಜರಡಿಯ ಅಂಚಿಗೆ ಕತ್ತರಿ ಸಿಕ್ಕಿಸಿ, ಕತ್ತರಿಯ ಹಿಡಿಯನ್ನು ಸುಧಾ ಒಂದು ಕಡೆ, ಮಗಳು ಒಂದು ಕಡೆ ಬೆರಳ ತುದಿಯಲ್ಲಿ ಎತ್ತಿ ಹಿಡಿಯಬೇಕು. ಅನುಮಾನವಿದ್ದವರ ಹೆಸರು ಒಂದೊಂದೇ ಹೇಳುತ್ತಾ ಹೋಗುವುದು. ಕಳ್ಳನ ಹೆಸರಿಗೆ ಜರಡಿ ತಿರುಗುತ್ತದೆ. ಕಾವಲುಗಾರನ ಹೆಸರಿಗೆ ತಿರುಗಲಿಲ್ಲ, ಡ್ರೈವರ್ ಹೆಸರಿಗೆ ತಿರುಗಲಿಲ್ಲ. ನನ್ನ ಹೆಸರಿಗೆ ಗಿರ್ರನೆ ತಿರುಗಿತು! "ಏನಿದು ಅನ್ಯಾಯ!" ಎಂದು ಹಾರಾಡಿದೆ. ಓಲೆ ಮಾರನೇ ದಿನ ವಾಷಿಂಗ್ ಮಷೀನಿನಲ್ಲಿ ಸಿಕ್ಕಿತು, ಆ ಮಾತು ಬೇರೆ.

"ಜರಡಿಗೆ ಎಂತ ಗೊತ್ತುಂಟು ಸೈಂಟಿಸ್ಟೇ? ತಿರುಗುವುದು ಹಿಡಿದವರ ಬೆರಳು. ನಿಮ್ಮ ಹೆಂಡತಿಗೆ ನಿಮ್ಮ ಮೇಲೆ ಡೌಟು" ಎಂದು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಊರಿಗೆ ಮೊದಲೇ ಗೊತ್ತಿರ್ತದೆ, ಯಾರನ್ನು ಹಿಡಿಯಬೇಕು ಅಂತ. ಒಂಟಿ ಮುದುಕಿ, ಬಾಯಿ ಜೋರಿರುವ ವಿಧವೆ. ಜರಡಿ ಬರೇ ನೆಪ" ಅಂದರು.

ಆ ಮಂತ್ರದ ಮುದುಕಿಯರೆಲ್ಲ ಸಾಧ್ವಿಗಳು ಎಂದೇನೂ ಅವರು ಹೇಳುತ್ತಿರಲಿಲ್ಲ. ಮೋಸಗಾರರಿದ್ದರು, ತಾವೇ ಪಕ್ಕದ ಮನೆಯವಳ ಕಡೆ ಬೆರಳು ತೋರಿಸಿದವರಿದ್ದರು. ನನ್ನನ್ನು ತಬ್ಬಿಬ್ಬು ಮಾಡಿದ್ದು ಬೇರೆ ಸಂಗತಿ. ಬಹಳ ಜನ ಹೇಳುತ್ತಿದ್ದ ಮಂತ್ರ ಚರ್ಚಿನದೇ ಪ್ರಾರ್ಥನೆ. ಮಗುವಿನ ಹಲ್ಲುನೋವಿಗೆ ಕೆನ್ನೆ ಮುಟ್ಟಿ ಅದೇ ದೇವರ ಹೆಸರು ಮೂರು ಸಲ. "ಮತ್ತೆ ತಪ್ಪೇನು?" ಎಂದು ಕೇಳಿದ್ದೆ. "ಅಪ್ಪಣೆ ಇಲ್ಲದೆ ಹೇಳಿದ್ದು" ಎಂದಿದ್ದರು. ಲೈಸೆನ್ಸ್ ಇಲ್ಲದೆ ಮಾತ್ರೆ ಮಾರಿದ ಹಾಗೆ ಎಂದು ನನ್ನ ತಲೆಗೆ ಹೊಳೆಯಿತು. ಆದರೆ ಅದಕ್ಕೆ ಯಾರನ್ನೂ ಸುಡುವುದಿಲ್ಲವಲ್ಲ.

ಒಂದು ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ನಾಲ್ಕಾರು ಕನ್ನಡ ಸಂಸಾರಗಳ ಊಟ. ಎಳ್ಳುಬೆಲ್ಲ ಅಗಿಯುತ್ತಾ ನಾನು, "ಆಗಿನ ಜನ ದಡ್ಡರು ಟೀಚರಮ್ಮ. ನೆಟ್ಟಗೆ ಉತ್ತರ ಕೊಟ್ಟಿದ್ರೆ ಬಿಟ್ಟೇಬಿಡ್ತಿದ್ರು" ಎಂದು ಕೊಚ್ಚಿದೆ. ಕನ್ನಡಕ ಒರೆಸುವುದು ನಿಂತಿತು. ಅವರ ಬಳಿ ಎಂಟು ಪ್ರಶ್ನೆಗಳಿದ್ದವು. ಆ ಕಾಲದಲ್ಲಿ ಧರ್ಮಾಧಿಕಾರಿಗಳು ಕೇಳುತ್ತಿದ್ದ ನೂರಾರು ಪ್ರಶ್ನೆಗಳಿಂದ ಅವರೇ ಆರಿಸಿ ಜೋಡಿಸಿದ್ದು. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಅದನ್ನು ಕೇಳುತ್ತಿದ್ದರಂತೆ.

"ನಿಮ್ಮ ಕೈಯಿಂದ ಯಾರಾದರೂ ಗುಣವಾದದ್ದುಂಟಾ?"

"ಬೇಕಾದಷ್ಟು ಜನ. ನಮ್ಮ ಡ್ರೈವರ್ ಹೊಟ್ಟೆ ನೋವು ಅಂದ್ರೆ ನಾನೇ ಓಮಿನ ನೀರು ಮಾಡಿ ಕೊಡ್ತೀನಿ."

"ಯಾರು ಕಲಿಸಿದ್ದು?"

"ನಮ್ಮಜ್ಜಿ."

"ಕೊಡುವಾಗ ಬಾಯಲ್ಲಿ ಎಂತಾದರೂ ಹೇಳ್ಲಿಕ್ಕುಂಟಾ?"

ಧನ್ವಂತರಿ ಶ್ಲೋಕ ಹೇಳುತ್ತೇನೆ, ಬರೀ ಅಭ್ಯಾಸ ಅಂದೆ. ಎಲ್ಲರೂ ನಕ್ಕರು.

"ನೀವು ಯಾರ ಹತ್ತಿರವಾದರೂ ಜಗಳ ಆಡಿದ ಮೇಲೆ ಅವರಿಗೆ ಕೇಡಾದದ್ದುಂಟಾ?"

ನಾನು ಯೋಚಿಸುವಷ್ಟರಲ್ಲಿ ಸುಧಾ, "ಪ್ರೊಡಕ್ಷನ್ ಮ್ಯಾನೇಜರ್ ಕಾಲು ಮುರ್ಕೊಂಡ್ರಲ್ಲ ರೀ, ನೀವು ಕೂಗಾಡಿ ಬಂದ ವಾರಕ್ಕೆ!" ಅಂದಳು. "ಮನೆಯವರೇ ಸಾಕ್ಷಿ. ಯಾವಾಗಲೂ ಹಾಗೇ" ಎಂದರು ಟೀಚರಮ್ಮ. ಬೆಕ್ಕು ಸಾಕಿದ್ದೀರಾ, ಅದಕ್ಕೆ ಹೆಸರಿಟ್ಟು ಮಾತಾಡಿಸುತ್ತೀರಾ ಎಂದು ಕೇಳಿದರು. ಮೈಮೇಲೆ ಮಚ್ಚೆ ಎಲ್ಲಿದೆ ಎಂದು ಕೇಳಿದರು. ಏಳನೆಯದಾಗಿ, "ಮಾಟ ಮಾಡುವವರು ಲೋಕದಲ್ಲಿ ಇದ್ದಾರೆ ಅಂತ ನಂಬ್ತೀರಾ?"

"ಖಂಡಿತಾ ಇಲ್ಲ!"

"ಇದ್ದಾರೆ ಅಂತ ಧರ್ಮಪೀಠವೇ ಹೇಳಿದೆ. ಇಲ್ಲ ಅನ್ನುವವ ಧರ್ಮದ್ರೋಹಿ."

"ಸರಿ ಹಾಗಾದ್ರೆ, ಇದ್ದಾರೆ."

"ನಿಮಗೆ ಹೇಗೆ ಗೊತ್ತು?"

ಮನೆ ತುಂಬ ನಗು. ನಾನೂ ಸೋತು ನಗುತ್ತಿದ್ದೆ. ಆಗ ಎಂಟನೆಯದನ್ನು ಬಹಳ ಮೆಲ್ಲಗೆ, ಮಗುವನ್ನು ಕೇಳಿದ ಹಾಗೆ ಕೇಳಿದರು. "ನಿಮ್ಮ ಜೊತೆ ಇನ್ನು ಯಾರಿದ್ದರು?"

"ಇವಳೇ! ಮೆಣಸಿನಕಾಯಿ ಸುಟ್ಟವಳು ಇವಳೇ!" ಎಂದು ಸುಧಾಳ ಕಡೆ ಕೈ ತೋರಿಸಿದೆ. ಮತ್ತೆ ನಗು. ಟೀಚರಮ್ಮ ಮಾತ್ರ ನಗಲಿಲ್ಲ.

"ಹತ್ತು ನಿಮಿಷ ಆಗ್ಲಿಲ್ಲ ನೋಡಿ, ಹೆಂಡತಿಯನ್ನು ಕೊಟ್ಟುಬಿಟ್ಟಿರಿ. ನಿಮ್ಮ ಉಗುರು ಯಾರೂ ಕೀಳ್ಲಿಲ್ಲ, ನಿದ್ರೆ ಕೆಡಿಸ್ಲಿಲ್ಲ, ಎಳ್ಳುಬೆಲ್ಲ ಬೇರೆ ಕೈಯಲ್ಲುಂಟು. ಮೊದಲಿನ ಏಳಕ್ಕೆ ಒಬ್ಬ ಸಾಯ್ತಾನೆ. ಎಂಟನೆಯದಕ್ಕೆ ಊರು ಸಾಯ್ತದೆ."

ಮಗಳು, "ಸೋ ವಾಟ್ಸ್ ದ ರೈಟ್ ಆನ್ಸರ್, ಟೀಚರ್?" ಎಂದು ಕೇಳಿದಳು. ಅವಳು ಕನ್ನಡ ಎಲ್ಲ ಕೇಳಿಸಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "'ನಾನೊಬ್ಬಳೇ' ಅನ್ನುವುದು. ಹೇಳಿದವರು ಬಹಳ ಕಮ್ಮಿ ಮಗಾ. ನಾನಾದರೂ ಹೇಳ್ತೇನಾ ಇಲ್ಲವಾ, ಗೊತ್ತಿಲ್ಲ" ಅಂದರು.

ಈ ವಿಷಯವನ್ನೇ ಯಾಕೆ ಹಿಡಿದಿರಿ ಎಂದು ಒಮ್ಮೆ, ಅವರ ಗ್ಯಾಸ್ ಸಿಲಿಂಡರ್ ಹೊತ್ತು ಮೇಲೆ ತಂದುಕೊಟ್ಟ ದಿನ, ಕೇಳಿದ್ದೆ. ಅವರ ಅಜ್ಜಿ ಊರಿನಲ್ಲಿ ಮಕ್ಕಳಿಗೆ ದೃಷ್ಟಿ ತೆಗೆಯುತ್ತಿದ್ದರಂತೆ. ಮೆಣಸು, ಉಪ್ಪು, ಶಿಲುಬೆಯ ಗುರುತು, ಕೊಂಕಣಿಯಲ್ಲಿ ಪ್ರಾರ್ಥನೆ. ಹೊಸದಾಗಿ ಬಂದ ಪಾದ್ರಿಗೆ ಅದು ಸೇರಲಿಲ್ಲ. ಮೂರು ಭಾನುವಾರ ಅಜ್ಜಿಯನ್ನು ಚರ್ಚಿನ ಬಾಗಿಲ ಹೊರಗೆ ಮೊಣಕಾಲ ಮೇಲೆ ನಿಲ್ಲಿಸಿದರಂತೆ. "ನಿನ್ನ ಹತ್ತಿರ ಯಾರ್ಯಾರು ಬರ್ತಾರೆ?" ಎಂದು ಮೂರು ಭಾನುವಾರವೂ ಕೇಳಿದರಂತೆ. ಅಜ್ಜಿ ಯಾರೂ ಇಲ್ಲ ಅಂದರಂತೆ. "ಆ ಪಾದ್ರಿಯ ಅಡುಗೆಯವಳೇ ಬರ್ತಿದ್ಲು ಮಾರಾಯ್ರೆ. ಒಳಗೆ ಮೊದಲ ಬೆಂಚಿನಲ್ಲಿ ಕೂತಿದ್ಲು" ಎಂದು ಹೇಳಿ, ಸಿಲಿಂಡರ್ ಲೀಕ್ ಇದೆಯಾ ನೋಡಲು ಸೋಪಿನ ನೊರೆ ತರಹೋದರು.

ಇನ್ನು ಕುಂಬಳಕಾಯಿಯ ಮಾತು.

ಎರಡು ವರ್ಷದ ಹಿಂದಿನ ಆಯುಧಪೂಜೆ. ಪ್ರತಿ ವರ್ಷದಂತೆ ಸಂಜೆ ಕಾರು ತೊಳೆದು, ಹೂ ಹಾಕಿ, ಸುಧಾ ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ ಕೊಟ್ಟಳು. ನಾನು ಕಾರಿಗೆ ಮೂರು ಸುತ್ತು ನಿವಾಳಿಸಿ, ಗೇಟಿನ ಹೊರಗಿನ ಮೂರುದಾರಿ ಕೂಡುವಲ್ಲಿ ಧಡ್ಡನೆ ಒಡೆದು, ನಿಂಬೆಹಣ್ಣನ್ನೂ ಹಿಂಡಿ ಬಿಸಾಕಿದೆ. "ತಿರುಗಿ ನೋಡ್ಬೇಡಿ ರೀ, ಸೀದಾ ಬನ್ನಿ" ಅಂದಳು ಸುಧಾ. ದೃಷ್ಟಿ ತೆಗೆದದ್ದನ್ನು ತಿರುಗಿ ನೋಡಬಾರದು, ಅದು ಶಾಸ್ತ್ರ. ನಾನು ನೋಡಲಿಲ್ಲ. ಒಡೆದದ್ದನ್ನು ಗುಡಿಸುವುದು ಯಾರು ಎಂದು ಅಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಗುಡಿಸುತ್ತಿದ್ದವಳು ಶೋಶೋ. ಶೋಶೋ ಅಂದರೆ ಇಲ್ಲಿಯ ಮಾತಿನಲ್ಲಿ ಅಜ್ಜಿ. ಕಟ್ಟಡದ ಕಸ ಗುಡಿಸುವ, ಎಪ್ಪತ್ತು ದಾಟಿದ, ಬೆನ್ನು ಬಾಗಿದ ಹೆಂಗಸು. ಪ್ರತಿ ವರ್ಷ ಮಾರನೇ ಬೆಳಿಗ್ಗೆ ನಮ್ಮ ಕೆಂಪು ಚೂರುಗಳನ್ನು ಅವಳೇ ಬಾಚಿ ಎಸೆಯುತ್ತಿದ್ದಳು.

ಆ ಮೂರುದಾರಿಯ ಎದುರಿಗೇ ತಗಡಿನ ಶೆಡ್ಡಿನಲ್ಲಿ ಆ ವರ್ಷ ಹೊಸದೊಂದು ಪ್ರಾರ್ಥನಾಮಂದಿರ ಆಗಿತ್ತು. ಮಾರನೇ ದಿನ ಬೆಳಿಗ್ಗೆ ಬೋಧಕನ ಹೆಂಡತಿ ಪ್ರಾರ್ಥನೆಗೆ ಬರುತ್ತಾ ಕುಂಬಳದ ತಿರುಳಿನ ಮೇಲೆ ಕಾಲಿಟ್ಟು, ಜಾರಿ ಬಿದ್ದು, ಕೈ ಮುರಿದುಕೊಂಡಳು. ಬೆಂಗಳೂರಿನಲ್ಲಿ ಹಬ್ಬದ ಮಾರನೇ ದಿನ ಬೈಕು ಜಾರಿ ಬೀಳುವುದಿಲ್ಲವೇ, ಅಷ್ಟೇ ಅದು. ಆದರೆ ನೋಡಿದವರಿಗೆ ಕಂಡದ್ದು ರಕ್ತದಂಥ ಕೆಂಪು, ಹಿಂಡಿದ ನಿಂಬೆಹಣ್ಣು, ಸುಟ್ಟ ಕಪ್ಪು ಮಸಿ. ಪಕ್ಕದಲ್ಲಿ ಕೆಂಪು ಕೈ ಮಾಡಿಕೊಂಡು ಚೂರುಗಳನ್ನು ಬಾಚುತ್ತಿದ್ದ ಒಬ್ಬ ಒಂಟಿ ಮುದುಕಿ.

ನಾನು ಆಫೀಸಿಗೆ ಹೊರಟು ಶೂ ಹಾಕುತ್ತಿದ್ದೆ. ಗಲಾಟೆ ಕೇಳಿ ಬಾಲ್ಕನಿಗೆ ಬಂದೆ. ಸ್ಕೂಲ್ ಯೂನಿಫಾರ್ಮಿನಲ್ಲಿ ಮಗಳೂ ಬಂದು ಪಕ್ಕದಲ್ಲಿ ನಿಂತಳು. ಕೆಳಗೆ ಮೂವತ್ತು ನಲವತ್ತು ಜನ. ಶೋಶೋ ನೆಲದ ಮೇಲೆ ಕೂತಿದ್ದಳು, ತಲೆಯ ಬಟ್ಟೆ ಬಿಚ್ಚಿಹೋಗಿತ್ತು. "ಮ್ಚಾವಿ! ಮ್ಚಾವಿ!" ಎಂದು ಕೂಗುತ್ತಿದ್ದರು. ಮಾಟಗಾತಿ ಎಂದು. ಅಡ್ಡ ಹೋದ ನಮ್ಮ ಕಾವಲುಗಾರನನ್ನು ನೂಕಿಬಿಟ್ಟರು. ಬೋಧಕ ಬಗ್ಗಿ ಅವಳ ಮುಖದ ಹತ್ತಿರ ಬೆರಳಿಟ್ಟು ಕೇಳುತ್ತಿದ್ದ. "ನಾನಿ ಅಲಿಕುಟುಮಾ?" ನಿನ್ನನ್ನು ಕಳಿಸಿದ್ದು ಯಾರು? ನಿನ್ನ ಜೊತೆ ಯಾರಿದ್ದಾರೆ?

ಎದುರಿನ ಗ್ಯಾರೇಜಿನಿಂದ ಒಬ್ಬ ಹಳೇ ಟೈರೊಂದನ್ನು ಉರುಳಿಸಿಕೊಂಡು ಬಂದ. ಕೂರುವುದಕ್ಕೆ ಇರಬೇಕು ಅಂದುಕೊಂಡೆ. ಆಮೇಲೆ ಇನ್ನೊಬ್ಬನ ಕೈಯಲ್ಲಿ ಪೆಟ್ರೋಲಿನ ಪ್ಲಾಸ್ಟಿಕ್ ಕ್ಯಾನ್ ಕಂಡಿತು. ಇಲ್ಲಿ ಗುಂಪು ಯಾರನ್ನಾದರೂ ಸುಡುವುದು ಹೀಗೇ, ಕೊರಳಿಗೆ ಟೈರು ಹಾಕಿ. ಅಯ್ಯೋ ದೇವರೇ! ಹಾಡಹಗಲು, ಎಂಟು ಗಂಟೆ, ಆಚೆ ರಸ್ತೆಯಲ್ಲಿ ಮಟಾಟು ವ್ಯಾನುಗಳು ಹಾರ್ನ್ ಹೊಡೆಯುತ್ತಾ ಜನರನ್ನು ತುಂಬಿಕೊಳ್ಳುತ್ತಿವೆ. ಇಲ್ಲಿ ಒಬ್ಬ ಅಜ್ಜಿಯ ಪಕ್ಕ ಟೈರು.

ಆಗ ಶೋಶೋ ತಲೆ ಎತ್ತಿ ನೇರವಾಗಿ ಮೂರನೇ ಮಹಡಿಗೆ ನೋಡಿದಳು. ನನ್ನನ್ನೇ. ಅವಳಿಗೆ ಗೊತ್ತಿತ್ತು. ಹಿಂದಿನ ಸಂಜೆ ನಾನು ಒಡೆಯುವಾಗ ಗೇಟಿನ ಪಕ್ಕ ಪೊರಕೆ ಹಿಡಿದು ನಿಂತಿದ್ದಳು, "ಹಬಾರಿ", ಚೆನ್ನಾಗಿದ್ದೀರಾ, ಎಂದು ನಕ್ಕಿದ್ದಳು. ಒಂದು ಬೆರಳು ಎತ್ತಿದ್ದರೆ ಸಾಕಿತ್ತು. ಅವಳು ಎತ್ತಲಿಲ್ಲ. ಕಣ್ಣು ಕೆಳಗೆ ಹಾಕಿ "ಸಿಜುಯಿ" ಅಂದಳು. ಗೊತ್ತಿಲ್ಲ. ಬೋಧಕ ಮತ್ತೆ ಕೇಳಿದ. ಮತ್ತೆ "ಸಿಜುಯಿ."

ನಾನೇನು ಮಾಡಿದೆ? ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮಗಳನ್ನು ಒಳಗೆ ತಳ್ಳಿ, ಸುಧಾಗೆ ಬಾಗಿಲು ಹಾಕಿಕೋ ಅಂದು, ಮೆಟ್ಟಿಲಿಳಿದು ಮೊದಲನೇ ಮಹಡಿಯ ತಿರುವಿನವರೆಗೆ ಹೋದೆ. ಅಲ್ಲಿ ನಿಂತೆ. ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಹೋಗಿದೆ ಎಂಬುದು ನೆನಪಾಯಿತು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ನೆನಪಾಗುವುದು ಅದು! ಗೋಡೆಗೆ ಒರಗಿ, ಕಿಟಕಿಯಿಂದ ನೋಡುತ್ತಾ ನಿಂತುಬಿಟ್ಟೆ. ನನ್ನನ್ನು ಸವರಿಕೊಂಡು ಟೀಚರಮ್ಮ ಇಳಿದು ಹೋದರು. ಮೈಮೇಲೆ ನೈಟಿ, ಹೆಗಲಿಗೆ ಟವೆಲು, ಕೈಯಲ್ಲಿ ಅರ್ಧ ಕುಡಿದ ಕಾಫಿ ಲೋಟ. ಹೋಗುವಾಗ ನನ್ನ ಮುಖವನ್ನೊಮ್ಮೆ ನೋಡಿದರು.

ಗುಂಪಿನ ನಡುವೆ ಹೋಗಿ ಶೋಶೋಳ ಪಕ್ಕದಲ್ಲಿ, ಮೊಣಕಾಲು ನೋವಿನಿಂದ ಮುಲುಕುತ್ತಾ, ನೆಲದ ಮೇಲೆ ಕೂತರು. "ನಿ ಮಿಮಿ" ಅಂದರು. ನಾನೇ. ಕಾಯಿ ಒಡೆದದ್ದು ನಾನು, ನನ್ನ ಊರಿನ ಪದ್ಧತಿ, ಇವಳು ಕಸ ಗುಡಿಸಿದವಳು ಅಷ್ಟೇ, ಎಂದು ಮಂಗಳೂರಿನ ರಾಗದ ಸ್ವಾಹಿಲಿಯಲ್ಲಿ ಹೇಳಿದರು. ಬೋಧಕ ದಂಗಾದ. "ನಿಮ್ಮ ಜೊತೆ ಇನ್ಯಾರಿದ್ದರು ಮ್ವಾಲಿಮು?"

"ಪೆಕೆ ಯಾಂಗು" ಅಂದರು. ನಾನೊಬ್ಬಳೇ.

ಆಮೇಲೆ ಲೋಟ ನೆಲದ ಮೇಲಿಟ್ಟು, ಕನ್ನಡಕ ತೆಗೆದು ಟವೆಲಿನಲ್ಲಿ ಒರೆಸುತ್ತಾ ಅವನನ್ನೇ ಕೇಳಿದರು. "ಪಾಸ್ಟರ್, ನಿಮ್ಮ ಕೈಯಿಂದ ಯಾರಾದರೂ ಗುಣವಾದದ್ದುಂಟಾ?"

"ದೇವರ ದಯೆಯಿಂದ ಬಹಳ ಜನ" ಎಂದ ಅವನು ಎದೆಯುಬ್ಬಿಸಿ.

"ಮುಟ್ಟುವಾಗ ಬಾಯಲ್ಲಿ ಎಂತಾದರೂ ಹೇಳ್ತೀರಾ?"

ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಹಿಂದೆ ಯಾರೋ ಒಬ್ಬರು ನಕ್ಕರು. ಒಬ್ಬ ಹೆಂಗಸು ಬಂದು, "ಇವರು ನನ್ನ ಮಗಳಿಗೆ ಪಾಠ ಹೇಳಿದವರು, ಬಿಡಿ" ಎಂದು ಕೂಗಿದಳು. ಒಬ್ಬೊಬ್ಬರಾಗಿ ಕರಗಿದರು. ಟೈರು ತಂದವನೇ ಅದನ್ನು ವಾಪಸು ಉರುಳಿಸಿಕೊಂಡು ಹೋದ.

ಅರ್ಧ ಗಂಟೆಯ ಮೇಲೆ ಅವರ ಮನೆಗೆ ಹೋದೆ. ಶೋಶೋ ಸೋಫಾದ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. "ನಿಮ್ಮನ್ನೇ ಸುಟ್ಟಿದ್ದರೆ?" ಎಂದು ಅಳುತ್ತಾ ಕೇಳಿದೆ.

"ನನ್ನನ್ನು ಸುಡ್ಲಿಕ್ಕಿಲ್ಲ ಮಾರಾಯ. ಎಂಬೆಸಿಗೆ ಫೋನ್ ಹೋಗ್ತದೆ ಅಂತ ಅವರಿಗೂ ಗೊತ್ತುಂಟು. ಶೋಶೋಗೆ ಯಾವ ಎಂಬೆಸಿ ಉಂಟು, ಹೇಳು." ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದದ್ದು. ಈಗಲೇ ಹೋಗಿ ನಿಜ ಹೇಳುತ್ತೇನೆ ಅಂದೆ. "ಈಗ ಬೇಡ. ಆರಿದ್ದಕ್ಕೆ ಗಾಳಿ ಹಾಕ್ಬೇಡ. ಆಮೇಲೆ ಯಾವತ್ತಾದರೂ ಹೇಳು" ಅಂದರು. ಶೋಶೋಳನ್ನು ಅವತ್ತೇ ಕಸರಾನಿಯ ಮಗಳ ಮನೆಗೆ ಕಳಿಸಿದೆವು.

ಯಾವತ್ತಾದರೂ ಎಂದದ್ದು ಎರಡು ವರ್ಷವಾಯಿತು. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಕಾಲೇಜಿನವರೆಗೂ ಹೋಯಿತು. ಒಡೆದದ್ದು ನಾನೇ ಎಂದು ಅವರ ಬಾಯಲ್ಲೇ ಇತ್ತಲ್ಲ! ಮೊದಲೇ ಚರ್ಚಿನ ಕಾಲೇಜು; ವಯಸ್ಸಾಯಿತು, ವಿಶ್ರಾಂತಿ ತಗೊಳ್ಳಿ ಎಂದು ನಯವಾಗಿ ಹೇಳಿ ತರಗತಿ ಬಿಡಿಸಿದರು. ಮೂವತ್ತೆಂಟು ವರ್ಷ ಮಾಟಗಾತಿಯರ ವಿಚಾರಣೆಯನ್ನು ಪಾಠ ಮಾಡಿದವರನ್ನು, ಒಂದು ಪ್ರಶ್ನೆಯನ್ನೂ ಕೇಳದೆ ಕಳಿಸಿಬಿಟ್ಟರು. ಒಂದು ಪತ್ರ ಬರೆದಿದ್ದರೆ ನಾನು ಅದನ್ನು ತಡೆಯಬಹುದಿತ್ತು. ಪರ್ಮಿಟ್ ಬರಲಿ ಅಂದುಕೊಂಡೆ. ಬಂತು. ಮಗಳ ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಮುಗಿಯಿತು. ಅವರು ಒಮ್ಮೆಯೂ ನೆನಪಿಸಲಿಲ್ಲ, ಗೇಟು ಹಾಕದ್ದಕ್ಕೆ ಮಾತ್ರ ಬೈದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನೇ ವಾಸಿ. ನಾನು ಮುಟ್ಟಿಕೊಳ್ಳಲೂ ಇಲ್ಲ.

ಅವರ ಅಂತ್ಯಕ್ರಿಯೆಯ ಪೂಜೆಗೆ ಹೋದೆವು. ಚರ್ಚು ಅರ್ಧ ತುಂಬಿತ್ತು. ಮೂರನೇ ಬೆಂಚಿನಲ್ಲಿ ಶೋಶೋ, ಕಸರಾನಿಯಿಂದ ಎರಡು ಮಟಾಟು ಬದಲಿಸಿ ಬಂದಿದ್ದಳು. ಪಾದ್ರಿ ಚಿಕ್ಕ ವಯಸ್ಸಿನವರು, ಸೌಮ್ಯ ಮುಖ. ಟೀಚರಮ್ಮನ ಪಾಠ, ದಯೆ, ನಗು ಎಲ್ಲ ಹೇಳಿದರು. ಕೊನೆಗೆ, "ನಮ್ಮ ಈ ಸಹೋದರಿಯೂ ಒಮ್ಮೆ ಕತ್ತಲೆಯ ಆ ಆಚರಣೆಗಳಿಗೆ ಕಾಲು ಜಾರಿದರು. ದೇವರು ಕ್ಷಮಿಸುತ್ತಾನೆ" ಅಂದರು.

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಪೆಟ್ಟಿಗೆಯಲ್ಲಿ ಮಲಗಿದವರ ಮೇಲೆ, ಅವರದೇ ಚರ್ಚಿನಲ್ಲಿ, ನನ್ನ ಕುಂಬಳಕಾಯಿ! ಇವತ್ತು ಮಣ್ಣಿಗೆ ಹೋದರೆ ಅದೂ ಅವರ ಜೊತೆ ಹೋಗುತ್ತದೆ, ಇನ್ನು ತೆಗೆಯಲಾಗುವುದಿಲ್ಲ. ನೆರೆಯವರು ಯಾರಾದರೂ ಎರಡು ಮಾತಾಡುವುದಿದ್ದರೆ ಮಾತಾಡಿ ಎಂದರು. ಅವರ ಕಾಫಿಯ ಬಗ್ಗೆ ಹೇಳಬೇಕೆಂದು ಚೀಟಿ ಬರೆದುಕೊಂಡು ಹೋಗಿದ್ದೆ. ಚೀಟಿ ಜೇಬಿನಲ್ಲೇ ಉಳಿಯಿತು. ಎದ್ದು ಹೋಗಿ ಮೈಕಿನ ಮುಂದೆ ನಿಂತು, "ಆ ಕಾಯಿ ಒಡೆದವನು ನಾನು. ಅವರು ಒಡೆಯಲಿಲ್ಲ. ಅವರಿಗೆ ಆ ಪದ್ಧತಿಯೇ ಇರಲಿಲ್ಲ. ಒಬ್ಬ ಮುದುಕಿಯನ್ನು ಉಳಿಸಲು ಸುಳ್ಳು ಹೇಳಿದರು. ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ" ಅಂದೆ. ಇಂಗ್ಲಿಷಿನಲ್ಲಿ ಹೇಳಿದೆನೋ, ಸ್ವಾಹಿಲಿ ಸೇರಿತೋ ನೆನಪಿಲ್ಲ.

ಹೊರಗೆ ಬಂದಾಗ ಮೊದಲು ಬಂದವಳು ಶೋಶೋ. ನನ್ನ ಕೈ ಹಿಡಿದು "ಪೋಲೆ" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಅವತ್ತು ಯಾಕೆ ಬೆರಳು ತೋರಿಸಲಿಲ್ಲ ಎಂದು ಕೇಳಿದೆ. "ಮ್ಟೋಟೋ ವಾಕೋ ಅಲಿಕುವಾ ಪಾಲೆ" ಅಂದಳು. ನಿನ್ನ ಮಗು ಪಕ್ಕದಲ್ಲಿ ನಿಂತಿತ್ತಲ್ಲ. ಅಷ್ಟೇ ಅವಳ ಕಾರಣ. ಮಗಳು ಅದನ್ನು ಕೇಳಿಸಿಕೊಂಡು, ಶೋಶೋಳ ಚೀಲ ಎತ್ತಿಕೊಂಡಳು.

ಅಷ್ಟರಲ್ಲಿ ಪಾದ್ರಿ ನನ್ನ ಹತ್ತಿರ ಬಂದರು. ಕಣ್ಣು ತುಂಬಿಕೊಂಡಿತ್ತು. ನನ್ನ ಭುಜದ ಮೇಲೆ ಕೈಯಿಟ್ಟು, ತಾನು ತಪ್ಪು ಮಾತಾಡಿದೆ, ಮುಂದಿನ ಭಾನುವಾರ ಎಲ್ಲರ ಮುಂದೆ ತಿದ್ದಿ ಹೇಳುತ್ತೇನೆ, ಕಾಲೇಜಿಗೂ ಬರೆಯುತ್ತೇನೆ ಅಂದರು. ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಬಹಳ ಮೆಲ್ಲಗೆ, ಮಗುವನ್ನು ಕೇಳಿದ ಹಾಗೆ ಕೇಳಿದರು. "ಬರೆಯುವುದಕ್ಕೆ ಸರಿಯಾಗಿ ತಿಳಿದಿರಬೇಕು, ಅದಕ್ಕೆ ಕೇಳುತ್ತೇನೆ. ಅವತ್ತು ಸಂಜೆ ನಿಮ್ಮ ಜೊತೆ ಇನ್ನು ಯಾರಿದ್ದರು?"

ಪಕ್ಕದಲ್ಲಿ ಸುಧಾ ಬಾಯಿ ತೆರೆದಳು. ಕುಂಕುಮ ತುಂಬಿದವಳು, ಕರ್ಪೂರ ಹಚ್ಚಿದವಳು, ತಿರುಗಿ ನೋಡಬೇಡಿ ಅಂದವಳು. ನಾನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದೆ.

"ಯಾರೂ ಇರಲಿಲ್ಲ ಫಾದರ್. ನಾನೊಬ್ಬನೇ."